ಅವ್ವ ಬೆಳ್ಳಗಾದ ವರ್ಷಗಳು

ಹೊನ್ನಾವರದ ಬಸ್ ನಿಲ್ದಾಣದಿಂದ ಐದು ನಿಮಿಷ ನಡೆದರೆ ಸಿಗುವ ಒಂದು ಸಣ್ಣ ಲ್ಯಾಬಿನಲ್ಲಿ ನಾನು ರಕ್ತ ತೆಗೆಯುತ್ತೇನೆ. ಬೆಳಿಗ್ಗೆ ಏಳೂವರೆಗೆ ಬಾಗಿಲು ತೆಗೆಯುವಷ್ಟರಲ್ಲಿ ಖಾಲಿ ಹೊಟ್ಟೆಯವರು ಮೆಟ್ಟಿಲ ಮೇಲೆ ಕೂತಿರುತ್ತಾರೆ. ಸಕ್ಕರೆ, ಥೈರಾಯ್ಡು, ಕೊಬ್ಬು ಇವೆಲ್ಲ ನಮ್ಮಲ್ಲೇ ಆಗುತ್ತವೆ. ವಿಟಮಿನ್ ಡಿ ಮಾತ್ರ ಹೊರಗೆ ಕಳಿಸಬೇಕು. ಮರುದಿನ ವರದಿ ಬರುತ್ತದೆ, ನಾನು ಮುದ್ರಿಸಿ ಲಕೋಟೆಗೆ ಹಾಕಿ ಕೊಡುತ್ತೇನೆ. ಹೆಚ್ಚಿನವರದು ಕಡಿಮೆಯೇ. ಕುಮಟೆಯ ಕಚೇರಿಗಳಲ್ಲಿ ಕೂರುವವರು, ಭಟ್ಕಳದ ಬಟ್ಟೆ ಅಂಗಡಿಗಳಲ್ಲಿ ದಿನವಿಡೀ ಟ್ಯೂಬ್‌ಲೈಟಿನ ಕೆಳಗೆ ನಿಲ್ಲುವ ಹುಡುಗಿಯರು, ಬಾಗಿಲು ಮುಂದೆ ಮಾಡಿಕೊಂಡು ಧಾರಾವಾಹಿ ನೋಡುವ ಗೃಹಿಣಿಯರು. ಲಕೋಟೆ ತೆರೆದು ನೋಡಿ ಅವರು ನನ್ನನ್ನೇ ಬಯ್ಯುತ್ತಾರೆ.

"ಬಿಸಿಲು ಇಷ್ಟು ಸುಡೂ ಊರಲ್ಲಿ ಬಿಸಿಲಿನ ಕೊರತೆ ಎಂತದು ತಂಗಿ? ನಿಮ್ಮ ಮಷಿನ್ ಸರಿ ಅದೆ ಹೌದಾ?"

"ಬಿಸಿಲು ಊರಲ್ಲಿದ್ದರೆ ಸಾಕಾಗುವುದಿಲ್ಲ, ಮೈಮೇಲೆ ಬೀಳಬೇಕು" ಎಂದು ನಾನು ಹೇಳುತ್ತಿದ್ದೆ. ಹೇಳುವಾಗ ನನಗೆ ಸ್ವಲ್ಪ ಹೆಮ್ಮೆಯೂ ಇರುತ್ತಿತ್ತು. ವಿಜ್ಞಾನ ಓದಿದವಳು ನಾನು. ನಮ್ಮ ಎರಡೂ ಕಡೆಯ ಸಂಬಂಧದಲ್ಲಿ ಪದವಿ ಎಂದು ಇದ್ದರೆ ನನ್ನದೇ ಮೊದಲನೆಯದು. ಇದನ್ನು ಸಂಕೋಚವಿಲ್ಲದೆ ಬರೆಯುತ್ತೇನೆ, ಏಕೆಂದರೆ ಅದು ನನಗೆ ಯಾರೂ ಬಳುವಳಿಯಾಗಿ ಕೊಟ್ಟದ್ದಲ್ಲ.

ಆ ಪದವಿಯನ್ನು ಕೊಡಿಸಿದ್ದು ಬಿಸಿಲು. ನಾವು ಹಿರೇಗುತ್ತಿ ಕಡೆಯವರು. ಅಪ್ಪ ನಾನು ಏಳನೇ ತರಗತಿಯಲ್ಲಿದ್ದಾಗ ಹೋದ. ಅವ್ವ ಮಳೆಗಾಲದಲ್ಲಿ ಗದ್ದೆ ನಾಟಿಗೆ ಹೋಗುತ್ತಿದ್ದಳು, ಮಳೆ ಬಿಟ್ಟ ಮೇಲೆ ಉಪ್ಪಿನ ಆಗರಕ್ಕೆ. ಆಗರ ಎಂದರೆ ಉಪ್ಪುನೀರನ್ನು ಗದ್ದೆಯಂಥ ಮಡಿಗಳಲ್ಲಿ ನಿಲ್ಲಿಸಿ ಬಿಸಿಲಿಗೆ ಬಿಡುವ ಜಾಗ. ಬಿಸಿಲು ಏರಿದಷ್ಟೂ ಉಪ್ಪು ಚೆನ್ನಾಗಿ ಕಟ್ಟುತ್ತದೆ. ಬೇರೆಯವರೆಲ್ಲ ನೆರಳು ಹುಡುಕುವ ಹೊತ್ತಿಗೆ ಅಲ್ಲಿಯವರಿಗೆ ಕೆಲಸ ಶುರು. ಗಂಡಸರು ಉಪ್ಪನ್ನು ಎಳೆದು ರಾಶಿ ಮಾಡಿದರೆ ಹೆಂಗಸರು ಬುಟ್ಟಿಯಲ್ಲಿ ತುಂಬಿ ತಲೆಯ ಮೇಲೆ ಹೊತ್ತು ಬದುವಿನ ಮೇಲೆ ಬರಿಗಾಲಲ್ಲಿ ನಡೆಯಬೇಕು. ಮೇಲಿನ ಬಿಸಿಲು ಒಂದು, ಬಿಳಿ ಉಪ್ಪಿನಿಂದ ಎದ್ದು ಮುಖಕ್ಕೆ ಹೊಡೆಯುವ ಬಿಸಿಲು ಇನ್ನೊಂದು. ಅವ್ವನ ಮೈ ಸುಟ್ಟ ಮಡಕೆಯ ಬಣ್ಣಕ್ಕೆ ತಿರುಗಿತ್ತು. ಕುಮಟೆಯ ಕಾಲೇಜಿಗೆ ಅವಳು ಒಮ್ಮೆ ನನ್ನ ಊಟದ ಡಬ್ಬಿ ತಂದುಕೊಟ್ಟಾಗ, ಗೆಳತಿಯೊಬ್ಬಳು "ಯಾರೇ ಅದು?" ಎಂದು ಕೇಳಿದಳು. ನಾನು "ಊರಿನವರು" ಎಂದೆ. ಸುಳ್ಳೇನಲ್ಲ. ಆದರೆ ಆ ಮಾತು ಹೇಳಿದ ಬಾಯಿ ನನ್ನದೇ.

ಅವ್ವ ಒಂದೇ ಒಂದು ಬುದ್ಧಿಮಾತು ಹೇಳುತ್ತಿದ್ದಳು. "ನೀ ನೆರಳಲ್ಲಿ ಕೂತು ಮಾಡೂ ಕೆಲಸ ಹಿಡಿಯೂಕೆ ಬೇಕು. ಬಿಸಿಲು ನಂಗೇ ಸಾಕು."

ನಾನು ಹಿಡಿದೆ. ಬಿ.ಎಸ್ಸಿ. ಆಯಿತು, ಲ್ಯಾಬಿನ ತರಬೇತಿ ಆಯಿತು, ಬಿಳಿ ಕೋಟು ಬಂತು. ಆ ವರ್ಷ ಉಪ್ಪಿನ ಕೆಲಸ ಮುಗಿದ ಕೂಡಲೇ ಊರಿಗೆ ಹೋಗಿ ಅವ್ವನಿಗೆ ಹೇಳಿದೆ, ಇನ್ನು ಬುಟ್ಟಿ ಮುಟ್ಟಬಾರದು ಎಂದು. ಊರಿನ ಬಾಡಿಗೆ ಮನೆ ಬಿಟ್ಟೆವು. ಎರಡು ಟ್ರಂಕು, ಒಂದು ಒರಳು. ಟೆಂಪೋದಲ್ಲಿ ಡ್ರೈವರನ ಪಕ್ಕ ಕೂತ ಅವ್ವ ದಾರಿಯುದ್ದಕ್ಕೂ ಸೆರಗಿನಿಂದ ಮುಖ ಒರೆಸಿಕೊಂಡಳು. ಸಂತೋಷಕ್ಕೆ ಎಂದುಕೊಂಡೆ. ಇರಬಹುದು.

ಹೊನ್ನಾವರದಲ್ಲಿ ನಾವು ಹಿಡಿದದ್ದು ಒಂದು ಮನೆಯ ಕೆಳಗಿನ ಎರಡು ಕೋಣೆ. ಮೂರು ಕಡೆ ಪಕ್ಕದ ಮನೆಗಳ ಗೋಡೆ. ಮಧ್ಯಾಹ್ನವೂ ದೀಪ ಹಾಕಬೇಕು. ನನಗೆ ಅದು ತೊಂದರೆ ಎನಿಸಲಿಲ್ಲ. ತಂಪಾಗಿತ್ತು. ತಂಪು ಎಂಬುದು ನಮ್ಮ ಮನೆತನಕ್ಕೆ ಹೊಸ ಸಂಪತ್ತು.

ಮೊದಲ ವರ್ಷ ಅವ್ವ ಸುಮ್ಮನೆ ಕೂರಲಿಲ್ಲ. ನಾನು ಕೆಲಸಕ್ಕೆ ಹೋದ ಮೇಲೆ ಓಣಿ ಗುಡಿಸುವುದು, ಸೌದೆ ಆಯುವುದು, ಮೇಲಿನ ಮನೆಯವರ ಅಂಗಳದಲ್ಲಿ ಬಿದ್ದ ತೆಂಗಿನ ಗರಿ ಹೆಣೆಯುವುದು. ಒಂದು ಸಂಜೆ ಮನೆಯೊಡತಿ ಗೇಟಿನ ಬಳಿಯೇ ನನ್ನನ್ನು ನಿಲ್ಲಿಸಿ ಹೊಗಳಿದರು. ಅವರದು ಕೊಂಕಣಿ ಮನೆಮಾತು, ನಮ್ಮೊಡನೆ ಕನ್ನಡ.

"ನಿಮ್ಮ ಅವ್ವನ ಕೈಕೆಲಸ ಭಾರೀ ಚಲೋ ಹಾಂ. ಇಡೀ ದಿನ ಬಿಸಿಲಲ್ಲಿ ಕೂತು ಇಪ್ಪತ್ತು ತಟ್ಟಿ ಹೆಣೆದು ಕೊಟ್ರು. ನಮ್ಮ ಕೆಲಸದವಳಿಗೆ ಬರೂದಿಲ್ಲ ಇದು."

ಕೆಲಸದವಳ ಜೊತೆ ಅವ್ವನನ್ನು ಒಂದೇ ಉಸಿರಿನಲ್ಲಿ ಹೇಳಿದ್ದು ನನ್ನ ಮೈಯೆಲ್ಲ ಉರಿಸಿತು. ಒಳಗೆ ಹೋದವಳೇ ಚಪ್ಪಲಿ ಬಿಡದೆ ಕೇಳಿದೆ.

"ನಾನು ಅಲ್ಲಿ ಕೋಟು ಹಾಕ್ಕಂಡು ನಿಲ್ಲೂದು, ನೀನು ಇಲ್ಲಿ ಇವರ ಅಂಗಳದಲ್ಲಿ ಕೂತು ಗರಿ ಹೆಣೆಯೂದು. ನನ್ನ ಮರ್ಯಾದೆ ತೆಗೆಯೂಕೆ ಬಂದಿದ್ಯಾ?"

"ಹಾಂಗಲ್ವೇ. ಹೊತ್ತು ಹೋಗೂದಿಲ್ಲ."

"ಟಿವಿ ಅದೆ. ನೋಡು."

ಅವ್ವ ಬೆರಳಿನ ಗರಿಯ ಗೀರುಗಳನ್ನು ಇನ್ನೊಂದು ಕೈಯಿಂದ ಮುಚ್ಚಿಕೊಂಡಳು. ಮರುದಿನದಿಂದ ಅಂಗಳಕ್ಕೆ ಕಾಲಿಡಲಿಲ್ಲ. ಬಟ್ಟೆ ಒಣಗಿಸುವುದಕ್ಕೂ ನಾನು ಬರುವ ತನಕ ಕಾಯುತ್ತಿದ್ದಳು. ಅವಳು ನನ್ನ ಮಾತು ಕೇಳಿದಳು ಎಂದು ನಾನು ಸಮಾಧಾನಪಟ್ಟೆ.

ನಂತರ ಎರಡನೆಯ ವರ್ಷ ಅವ್ವ ಬೆಳ್ಳಗಾಗತೊಡಗಿದಳು. ಮೊದಲು ಕೆನ್ನೆ, ಆಮೇಲೆ ಕುತ್ತಿಗೆ. ರವಿಕೆಯ ತೋಳು ಸರಿಸಿದರೆ ಮೊದಲು ಕಾಣುತ್ತಿದ್ದ ಬಿಳಿ ಗೆರೆ ಈಗ ಕೈಯಲ್ಲಿ ಕರಗಿಹೋಯಿತು. ಒಂದು ಮದುವೆಗೆ ಹೋದಾಗ ಹೆಂಗಸರೆಲ್ಲ ಸುತ್ತುಗಟ್ಟಿದರು.

"ಹೋಯ್, ನಿನ್ನ ಗುರ್ತೇ ಸಿಗೂದಿಲ್ಲ. ಬೆಳ್ಳಗೆ ಆಗಿದ್ದೆ!"

"ಮಗಳು ಚಲೋ ನೋಡ್ಕಣ್ತದೆ. ಕಂಡ್ರೆ ಗೊತ್ತಾಗೂದಿಲ್ವಾ?"

ನಮ್ಮಲ್ಲಿ ಮಗಳು ತಾಯಿಯನ್ನು ಹೇಗೆ ನೋಡಿಕೊಳ್ಳುತ್ತಾಳೆ ಎಂಬುದಕ್ಕೆ ಬೇರೆ ಸಾಕ್ಷಿ ಬೇಕಿಲ್ಲ, ಚರ್ಮದ ಬಣ್ಣ ಸಾಕು. ಅವತ್ತು ನಾನು ಊಟದ ಪಂಕ್ತಿಯಲ್ಲಿ ತಲೆಯೆತ್ತಿ ಕೂತೆ. ಅವ್ವ ಎಲೆಯ ಮುಂದೆ ಕೂತು ಅನ್ನ ಕಲಸಿದಳು, ಮತ್ತೆ ಕಲಸಿದಳು, ತಿನ್ನಲಿಲ್ಲ. ನಾನದನ್ನು ಕಂಡೆ. ಬಸ್ಸಿನ ಪ್ರಯಾಣದಿಂದ ಹೀಗಾಗಿದೆ ಎಂದು ನನಗೆ ನಾನೇ ಹೇಳಿಕೊಂಡೆ.

ಅವಳು ನಗುವುದು ಯಾವಾಗ ನಿಂತಿತೋ ನನಗೆ ತಿಳಿಯದು. ಮಾತು ಕಡಿಮೆಯಾದದ್ದು ತಿಳಿಯುತ್ತದೆ, ನಗು ಹೋದದ್ದು ತಿಳಿಯುವುದಿಲ್ಲ. ಬೆಳಿಗ್ಗೆ ಎಂಟಾದರೂ ಹಾಸಿಗೆಯಲ್ಲೇ. ಇಡೀ ಬದುಕಿನಲ್ಲಿ ಬೆಳಕು ಹರಿದ ಮೇಲೆ ಮಲಗಿದವಳಲ್ಲ. "ಪಾಪ, ಈಗಲಾದರೂ ಮಲಗಲಿ" ಎಂದುಕೊಂಡು ಬಾಗಿಲು ಎಳೆದುಕೊಂಡು ಹೋಗುತ್ತಿದ್ದೆ. ಸಂಜೆ ಬಂದಾಗ ನಾನು ಮುಚ್ಚಿಟ್ಟು ಹೋದ ಅನ್ನ ಮುಚ್ಚಿದ ಹಾಗೇ ಇರುತ್ತಿತ್ತು. ಕಾಲು ಸೆಳೆತ ಎನ್ನುತ್ತಿದ್ದಳು, ಸೊಂಟ ಎನ್ನುತ್ತಿದ್ದಳು. ವಯಸ್ಸು ಎಂದೆ. ನೋವಿನ ಎಣ್ಣೆ ತಂದೆ. ಲ್ಯಾಬಿಗೆ ಬರುವವರಿಗೆ ಕಾಲುನೋವು, ಸುಸ್ತು, ಮನಸ್ಸಿಗೆ ಬೇಸರ ಎಂಬ ಮೂರು ಮಾತು ಕೇಳಿದ ಕೂಡಲೇ "ಡಿ ನೋಡಿಸಿದ್ದೀರಾ?" ಎಂದು ನಾನೇ ಬಾಯಿ ಹಾಕುತ್ತಿದ್ದೆ. ಮನೆಯಲ್ಲಿ ಆ ಮೂರೂ ಇದ್ದವು. ಆದರೆ ಆಗರದ ಹೆಂಗಸಿಗೆ ಬಿಸಿಲಿನ ಕೊರತೆ ಎಂಬ ಯೋಚನೆ ನನ್ನ ತಲೆಯ ಹತ್ತಿರವೂ ಸುಳಿಯಲಿಲ್ಲ. ಅವಳು ಒಂದು ಜನ್ಮಕ್ಕೆ ಸಾಕಾಗುವಷ್ಟು ಬಿಸಿಲು ತಿಂದು ಬಂದಿದ್ದಾಳೆ ಎಂದೇ ನನ್ನ ಲೆಕ್ಕವಿತ್ತು. ಬಿಸಿಲನ್ನು ಮೈಯಲ್ಲಿ ವರ್ಷಗಟ್ಟಲೆ ಕೂಡಿಡಲು ಆಗುವುದಿಲ್ಲ ಎಂಬುದು ನನ್ನ ಪುಸ್ತಕದಲ್ಲೇ ಇತ್ತು. ಪರೀಕ್ಷೆಯಲ್ಲಿ ಬರೆದು ಅಂಕವನ್ನೂ ತೆಗೆದುಕೊಂಡಿದ್ದೆ.

ಮೂರನೆಯ ಮಳೆಗಾಲ ಕೆಟ್ಟದಾಗಿತ್ತು. ವಾರಗಟ್ಟಲೆ ಸೂರ್ಯನ ಮುಖ ಕಾಣಲಿಲ್ಲ. ಶರಾವತಿ ಕೆಂಪಾಗಿ ಹರಿಯುತ್ತಿತ್ತು. ಮನೆಯೊಳಗೆ ಗೋಡೆಗೆ ಕೈಯಿಟ್ಟರೆ ಕೈ ಒದ್ದೆ. ಒಂದು ಬೆಳಿಗ್ಗೆ ಅವ್ವ ಅಡಿಗೆಮನೆಯ ನೆಲದ ಮೇಲೆ ಕೂತಿದ್ದಳು. ಏಳಲು ಆಗುತ್ತಿರಲಿಲ್ಲ. ತೋಳು ಹಿಡಿದು ಎತ್ತಹೋದರೆ ಕೈ ಬಿಡಿಸಿಕೊಂಡಳು.

"ಬಿಡೇ. ಎದ್ದು ಎಂತ ಮಾಡೂದದೆ?"

ಸಿಟ್ಟಿನಿಂದ ಹೇಳಿದ್ದರೆ ನಾನೂ ಜಗಳವಾಡುತ್ತಿದ್ದೆ. ಅವಳು ಸುಮ್ಮನೆ ಕೇಳಿದ್ದಳು, ಉತ್ತರ ಇದ್ದರೆ ಹೇಳು ಎನ್ನುವ ಹಾಗೆ. ನಾನು ಅವಳ ಪಕ್ಕ ಒದ್ದೆ ನೆಲದ ಮೇಲೆ ಕೂತೆ. ಲ್ಯಾಬಿಗೆ ಫೋನು ಮಾಡಿ ತಡವಾಗುತ್ತದೆ ಎಂದೆ. ಆಗ ಅವ್ವ ಇನ್ನೊಂದು ಮಾತು ಹೇಳಿದಳು. "ನಾ ಹೋದ್ರೆ ನಿಂಗೆ ಒಂದು ಕೋಣೆ ಸಾಕಾಗ್ತಿತ್ತು." ಆ ಹೊತ್ತಿನಿಂದ ನನಗೆ ಒಂದೇ ಹೆದರಿಕೆ. ಇವಳು ನನ್ನ ಕಣ್ಣೆದುರಿಗೇ ಹೋಗುತ್ತಿದ್ದಾಳೆ, ಯಾವ ದಿನ ಪೂರ್ತಿ ಹೋಗುತ್ತಾಳೋ ಗೊತ್ತಿಲ್ಲ.

ರಿಕ್ಷಾದಲ್ಲಿ ಲ್ಯಾಬಿಗೆ ಕರೆದುಕೊಂಡು ಹೋಗಿ ನಾನೇ ರಕ್ತ ತೆಗೆದೆ. ಬುಟ್ಟಿ ಎತ್ತಿ ಎತ್ತಿ ಹಗ್ಗದಂತೆ ಎದ್ದು ಕಾಣುತ್ತಿದ್ದ ನರಗಳು ಆ ತೋಳಿನಲ್ಲಿ ಇರಲಿಲ್ಲ. ಎರಡು ಸಲ ಚುಚ್ಚಬೇಕಾಯಿತು. ಅವಳು ಹುಬ್ಬು ಕೂಡ ಗಂಟಿಕ್ಕಲಿಲ್ಲ. ಮರುದಿನ ಬಂದ ವರದಿಯಲ್ಲಿ ಮೂವತ್ತಿರಬೇಕಾದ ಡಿ ಹತ್ತೂ ಇರಲಿಲ್ಲ. ಅಷ್ಟು ಕೆಳಗಿನದನ್ನು ನಾನು ಅಪರೂಪಕ್ಕೆ ಮುದ್ರಿಸಿದ್ದೇನೆ. ಸುಮ್ಮನೆ ನನ್ನ ರಕ್ತವನ್ನೂ ಕಳಿಸಿದ್ದೆ. ನನ್ನದೂ ಚೆನ್ನಾಗಿರಲಿಲ್ಲ.

ಡಾಕ್ಟರಮ್ಮ ವಯಸ್ಸಾದವರು, ಮಾತಿನಲ್ಲಿ ಸುತ್ತುಬಳಸು ಇಲ್ಲ. ವಾರಕ್ಕೊಂದರಂತೆ ಮಾತ್ರೆ ಬರೆದರು. ಆಮೇಲೆ ಅವ್ವನನ್ನು ಹೊರಗೆ ಕೂರಿಸಿ ನನ್ನನ್ನು ಕೇಳಿದರು.

"ದಿನಾ ಎಷ್ಟು ಹೊತ್ತು ಹೊರಗೆ ಇರ್ತಾರೆ?"

"ಇರುವುದಿಲ್ಲ. ಆದರೆ ಓಣಿ ಕಡೆಯ ಕಿಟಕಿ ಹತ್ತಿರ ಕೂರಿಸ್ತೇನೆ. ಗಾಜಿನಿಂದ ಬೆಳಕು ಬರ್ತದೆ."

"ಗಾಜಿನ ಹಿಂದೆ ಕೂತ್ರೆ ಪ್ರಯೋಜನ ಇಲ್ಲ ಅಂತ ನಿನಗೆ ನಾನು ಹೇಳಬೇಕಾ?"

ತಲೆ ತಗ್ಗಿಸಿದೆ. ಮೂಳೆ ನೋವಿಗೆ ಇದು ಕಾರಣವಿರಬಹುದು, ಮನಸ್ಸು ಹೀಗೆ ಕುಸಿಯಲು ಇದೇ ಕಾರಣವೇ ಎಂದು ಕೇಳಿದೆ. ಅವರು ಪೆನ್ನಿಗೆ ಮುಚ್ಚಳ ಹಾಕಿ ಕೆಳಗಿಟ್ಟರು.

"ಇದು ಕಡಿಮೆ ಇದ್ದವರಲ್ಲಿ ಮನಸ್ಸಿನ ಬೇಸರ ಹೆಚ್ಚು ಕಾಣ್ತದೆ. ಬಿಸಿಲಿಗೆ ಹೋಗದೆ ಬೇಸರ ಬಂತೋ, ಬೇಸರ ಬಂದು ಬಿಸಿಲಿಗೆ ಹೋಗೋದು ಬಿಟ್ರೋ, ಅದನ್ನು ರಕ್ತ ಹೇಳೋದಿಲ್ಲ. ಮಾತ್ರೆ ಅಂಕಿಯನ್ನು ಮೇಲೆ ತರ್ತದೆ. ಮನುಷ್ಯರನ್ನು ತರ್ತದೆ ಅಂತ ನಾನು ಮಾತು ಕೊಡೋದಿಲ್ಲ. ಕುಮಟೆಗೆ ವಾರಕ್ಕೊಮ್ಮೆ ಮನಸ್ಸಿನ ಡಾಕ್ಟರ್ ಬರ್ತಾರೆ, ಅಲ್ಲಿಗೂ ಕರ್ಕೊಂಡು ಹೋಗು. ಮಳೆ ಬಿಟ್ಟ ಮೇಲೆ ಬಿಸಿಲಿಗೆ ಕೂರಿಸು. ಕೈಕಾಲಿಗೆ ಬೀಳಬೇಕು."

ಕುಮಟೆಗೆ ಹೋಗುವ ಬಸ್ಸಿನಲ್ಲಿ ಅವ್ವ "ನಂಗೆ ಹುಚ್ಚು ಅಂತ ಮಾಡಿದ್ಯಾ?" ಎಂದು ಕೇಳಿದಳು. ಅಲ್ಲ ಎಂದೆ. "ಹಾಂಗಾದ್ರೆ ಆತು" ಎಂದು ಕಿಟಕಿಯ ಕಡೆ ತಿರುಗಿದಳು. ಅಲ್ಲಿಯೂ ಮಾತ್ರೆ ಕೊಟ್ಟರು. ನಿದ್ದೆ ಸ್ವಲ್ಪ ಸರಿಯಾಯಿತು, ನೆಲದ ಮೇಲೆ ಕೂತುಬಿಡುವುದು ನಿಂತಿತು. ಅದಕ್ಕಾಗಿ ನಾನು ಆ ಡಾಕ್ಟರಿಗೆ ಋಣಿ.

ಚೌತಿಯ ನಂತರ ಮಳೆ ಬಿಡುವು ಕೊಟ್ಟಿತು. ಮನೆಯೊಡತಿಯ ಅನುಮತಿ ಕೇಳಿ ಟೆರೇಸಿಗೆ ಒಂದು ಪ್ಲಾಸ್ಟಿಕ್ ಕುರ್ಚಿ ಹೊತ್ತೆ. ಭಾನುವಾರ ಬೆಳಿಗ್ಗೆ ಅವ್ವನನ್ನು ಮೆಲ್ಲಗೆ ಹತ್ತಿಸಿ ಕೂರಿಸಿದೆ. ಪಕ್ಕದಲ್ಲಿ ಮನೆಯೊಡತಿ ಚಾಪೆಯ ಮೇಲೆ ಬಂಗಡೆ ಒಣಗಿಸಲು ಹರಡಿದ್ದರು. ಅವ್ವ ಮೀನನ್ನು ನೋಡಿದಳು, ನನ್ನನ್ನು ನೋಡಿದಳು.

"ನನ್ನನ್ನೂ ಒಣಗಿಸೂಕೆ ಹಾಕಿದ್ಯಾ?"

ಎಷ್ಟೋ ತಿಂಗಳ ಮೇಲೆ ಅವಳು ಆಡಿದ ಮೊದಲ ತಮಾಷೆ ಅದು. ನಾನು ಜೋರಾಗಿ ನಕ್ಕೆ, ಬೇಕಾದದ್ದಕ್ಕಿಂತ ಜೋರಾಗಿ. ಅವಳು ನಗಲಿಲ್ಲ. ಸೆರಗನ್ನು ತಲೆಗೆ ಎಳೆದು, ಕೈಗಳನ್ನು ಒಳಗೆ ಸೇರಿಸಿ, ಕಾಲನ್ನು ಕುರ್ಚಿಯ ಕೆಳಗೆ ಮಡಚಿದಳು. ಮೈಮೇಲೆ ಬಿಸಿಲು ಬೀಳಲು ಜಾಗವೇ ಇರಲಿಲ್ಲ.

"ಕೈ ಹೊರಗೆ ಇಡು ಅವ್ವಾ."

"ಎಂತಕ್ಕೆ? ಕೆಲ್ಸ ಇಲ್ದೆ ಬಿಸಿಲಲ್ಲಿ ಕೂರೂದು ನಂಗೆ ಬರೂದಿಲ್ಲ. ಯಾರಾದ್ರೂ ಕಂಡ್ರೆ ಎಂತ ಹೇಳ್ತ್ರು?"

"ಔಷಧ ಅಂತ ತಿಳ್ಕ."

"ಬಿಸಿಲು ಔಷಧ ಆದ್ರೆ ನಾ ಸಾಯೂದೇ ಇಲ್ವಾಗಿತ್ತು."

ನಾನು ಪಕ್ಕದಲ್ಲಿ ಕೂತೆ. ಅಂಗಿಯ ತೋಳು ಮಡಚಿ ತೋರಿಸಿದೆ, ಹೀಗೆ ಎಂದು. ಅವಳು ಗಾಬರಿಯಾದಳು. "ನೀ ಎಂತಕ್ಕೆ ಕೂರ್ತೆ? ಕಪ್ಪಾಗ್ತೆ. ನೆರಳಿಗೆ ಹೋಗು, ಹೋಗು." ಎರಡು ಕೈಯಲ್ಲೂ ನನ್ನನ್ನು ನೂಕಿದಳು. ಮೂರು ವರ್ಷಗಳಲ್ಲಿ ಅವಳ ಕೈಯಲ್ಲಿ ಅಷ್ಟು ಬಲ ಕಂಡದ್ದು ಅದೇ.

ಆಮೇಲಿನ ವರದಿಯಲ್ಲಿ ಅಂಕಿ ಮೇಲೆ ಬಂತು. ಸರಿಯಾದ ಮಿತಿಯೊಳಗೆ. ಮುದ್ರಣವಾಗುತ್ತಿದ್ದ ಕಾಗದವನ್ನು ಹಿಡಿದು ನಾನು ಯಂತ್ರದ ಮುಂದೆಯೇ ಅತ್ತೆ. ಮನೆಗೆ ಓಡಿ ಅವ್ವನಿಗೆ ತೋರಿಸಿದೆ. "ಚಲೋ ಆತು" ಎಂದು ಕಾಗದವನ್ನು ಮಡಚಿ ತಲೆದಿಂಬಿನ ಕೆಳಗೆ ಇಟ್ಟು, ಗೋಡೆಯ ಕಡೆ ಹೊರಳಿದಳು. ಕಾಲಿನ ಸೆಳೆತ ಇಳಿದಿತ್ತು. ಬೇರೆ ಏನೂ ಇಳಿದಿರಲಿಲ್ಲ.

ಆಗ ನನಗೆ ಹೊಳೆದದ್ದು, ಅವಳಿಗೆ ಬೇಕಾದದ್ದು ಕುರ್ಚಿಯ ಬಿಸಿಲಲ್ಲ ಎಂದು. ಮಾರ್ಚ್ ತಿಂಗಳಲ್ಲಿ ಒಂದು ದಿನ ರಜೆ ಹಾಕಿ ಅವಳನ್ನು ಆಗರಕ್ಕೆ ಕರೆದುಕೊಂಡು ಹೋದೆ. ಬೇಕಾದರೆ ಸೀಸನ್ ಮುಗಿಯುವವರೆಗೆ ಅಲ್ಲೇ ಇರಲಿ, ಹಗುರ ಕೆಲಸ ಮಾಡಲಿ, ಜನ ಏನಾದರೂ ಹೇಳಲಿ ಎಂದು ನಿಶ್ಚಯಿಸಿದ್ದೆ. ಅವಳ ಹಳೆಯ ಜೊತೆಗಾತಿಗೆ ಫೋನು ಮಾಡಿ ಮೊದಲೇ ಮಾತಾಡಿದ್ದೆ. ಇಬ್ಬರೂ ಇಪ್ಪತ್ತು ವರ್ಷ ಒಂದೇ ಸಾಲಿನಲ್ಲಿ ಬುಟ್ಟಿ ಹೊತ್ತವರು.

ಆಕೆ ಬದುವಿನ ಮೇಲಿಂದಲೇ ಕೂಗಿದಳು. "ಬಂತು ನೋಡು ಪ್ಯಾಟೆ ಹೆಂಗಸು! ಎಂತ ಪೌಡರ್ ಹಾಕ್ತ್ಯೇ, ನಂಗೂ ಒಂದು ಡಬ್ಬಿ ಕೊಡು."

ಅವ್ವನ ಮುಖದಲ್ಲಿ ಏನೋ ಅಲುಗಿತು. ಚಪ್ಪಲಿ ಬಿಟ್ಟಳು. ಸೆರಗು ಸೊಂಟಕ್ಕೆ ಸಿಕ್ಕಿಸಿದಳು. ಜೊತೆಗಾತಿ ಅರ್ಧ ತುಂಬಿದ ಬುಟ್ಟಿಯನ್ನು ಅವಳ ತಲೆಗೆ ಎತ್ತಿಕೊಟ್ಟಳು. ನಾನು ದೂರ ನಿಂತು ನೋಡಿದೆ. ಬೆನ್ನು ನೆಟ್ಟಗಾಯಿತು. ಒಂದು, ಎರಡು, ಹತ್ತು ಹೆಜ್ಜೆ. ಅದು ನನ್ನ ಅವ್ವನ ನಡಿಗೆಯೇ.

ಹದಿನೈದನೆಯದೋ ಇಪ್ಪತ್ತನೆಯದೋ ಹೆಜ್ಜೆಗೆ ಅವಳು ನಿಂತಳು. ಬುಟ್ಟಿ ಒಂದು ಕಡೆ ವಾಲಿತು, ಉಪ್ಪು ಚೆಲ್ಲಿತು. ನಾನು ಓಡಿದೆ. ಎರಡೂ ಅಂಗಾಲು ಸೀಳಿ ರಕ್ತ ಬರುತ್ತಿತ್ತು. ಮೊದಲು ಆ ಕಾಲುಗಳು ಚಪ್ಪಲಿಯ ಅಡಿಯಂತೆ ಗಟ್ಟಿಯಿದ್ದವು, ಉಪ್ಪಿನ ಹರಳು ಅದರ ಕೆಳಗೆ ಪುಡಿಯಾಗುತ್ತಿತ್ತು. ಮೂರು ವರ್ಷ ತಂಪು ನೆಲದ ಮೇಲೆ ನಡೆದು ಅವು ನನ್ನ ಕಾಲಿನಂತೆ ಮೆತ್ತಗಾಗಿದ್ದವು. ಗಾಯದೊಳಗೆ ಉಪ್ಪುನೀರು. ಅವ್ವ ಕೂಗಲಿಲ್ಲ. ತನ್ನ ಕಾಲನ್ನು ತಾನೇ ಬೇರೆ ಯಾರದೋ ಕಾಲಿನಂತೆ ನೋಡುತ್ತ ನಿಂತಿದ್ದಳು.

ಜೊತೆಗಾತಿ ಅವಳನ್ನು ಬದುವಿನ ಮೇಲೆ ಕೂರಿಸಿ, ಕೊಡದಲ್ಲಿದ್ದ ಕುಡಿಯುವ ನೀರನ್ನು ತಂದು ಕಾಲಿಗೆ ಸುರಿದಳು. ತಲೆಯೆತ್ತಿ ನನ್ನನ್ನು ನೋಡಿದಳು. ಅವಳ ಬಾಯಲ್ಲಿ ತಮಾಷೆ ಉಳಿದಿರಲಿಲ್ಲ.

"ನೀ ಇಷ್ಟು ಕಲ್ತವಳು. ಬುಟ್ಟಿ ಬ್ಯಾಡ ಅಂದದ್ದು ಸರಿ. ಅಂಗಳವೂ ಬ್ಯಾಡ ಅಂದ್ಯಂತಲ್ಲೇ, ಅದು ಎಂತಕ್ಕೆ?"

ಅವ್ವ ಅದನ್ನು ಇವಳಿಗೆ ಯಾವಾಗ ಹೇಳಿದ್ದಳೋ. ನನ್ನ ಮುಂದೆ ಒಂದು ಸಲವೂ ಎತ್ತಿರಲಿಲ್ಲ. ನನಗೆ ನಾಚಿಕೆ ಆಗಿತ್ತು, ಅದಕ್ಕೆ, ಎಂದು ಹೇಳಬೇಕಿತ್ತು. ಬಗ್ಗಿ ಚೆಲ್ಲಿದ ಉಪ್ಪನ್ನು ಬುಟ್ಟಿಗೆ ತುಂಬತೊಡಗಿದೆ. ಅವ್ವನೇ ಜೊತೆಗಾತಿಯ ಭುಜ ಹಿಡಿದು ಎದ್ದಳು. "ಮಗಳದ್ದು ತಪ್ಪಿಲ್ಲ. ಸಣ್ಣದು. ಮನೆಗೆ ಹೋಗ್ವ ನಡಿಯೇ" ಎಂದಳು. ಮನೆ ಎಂದರೆ ಹೊನ್ನಾವರದ ಆ ಎರಡು ಕೋಣೆ. ವಾಪಸು ಬರುವ ಬಸ್ಸಿನಲ್ಲಿ ಬಟ್ಟೆ ಸುತ್ತಿದ ಅವಳ ಕಾಲುಗಳು ನನ್ನ ಮಡಿಲಲ್ಲಿದ್ದವು. ಆಗರದ ಕಡೆ ಅವಳು ತಿರುಗಿಯೂ ನೋಡಲಿಲ್ಲ. ಅದರ ನಂತರ ಅದರ ಮಾತನ್ನೂ ಎತ್ತಿಲ್ಲ.

ಮನೆಯೊಡತಿಗೆ ನಾನೇ ಹೋಗಿ ಹೇಳಿದೆ, ಗರಿ ಬಿದ್ದರೆ ಅವ್ವನಿಗೆ ಕೊಡಿ ಎಂದು. ಅವರು ಸಂತೋಷದಿಂದ ತಂದುಕೊಟ್ಟರು. ಒಂದು ತಟ್ಟಿಯ ಅರ್ಧ ಹೆಣೆದು ಅವ್ವ ಕೆಳಗಿಟ್ಟಳು. ಬೆರಳು ಮರೆತಿರಲಿಲ್ಲ. ಇಷ್ಟ ಇರಲಿಲ್ಲ. ಆ ಅರ್ಧ ತಟ್ಟಿ ಮೆಟ್ಟಿಲ ಕೆಳಗೆ ಇನ್ನೂ ಇದೆ.

ನಾನು ಓದಿದ್ದು ತಪ್ಪು ಎಂದು ಯಾರೂ ತಿಳಿಯಬಾರದು. ಮತ್ತೊಮ್ಮೆ ಹುಟ್ಟಿದರೂ ಓದುತ್ತೇನೆ. ಅವ್ವನ ತಲೆಯಿಂದ ಬುಟ್ಟಿ ಇಳಿಸಿದ್ದಕ್ಕೂ ಪಶ್ಚಾತ್ತಾಪವಿಲ್ಲ. ಆದರೆ ಬುಟ್ಟಿಯ ಜೊತೆಗೆ ನಾನು ಏನೇನನ್ನು ಇಳಿಸಿಬಿಟ್ಟೆ ಎಂದು ಪರೀಕ್ಷೆ ಮಾಡುವ ಯಂತ್ರ ನಮ್ಮ ಲ್ಯಾಬಿನಲ್ಲಿಲ್ಲ. ಲಕೋಟೆ ತೆರೆದು ಬಯ್ಯುವವರಿಗೆ ಈಗ ನಾನು ಬುದ್ಧಿ ಹೇಳುವುದಿಲ್ಲ. ಮನೆಯಲ್ಲಿ ವಯಸ್ಸಾದವರು ಇದ್ದಾರೆಯೇ, ಹಗಲೆಲ್ಲ ಅವರು ಎಲ್ಲಿ ಕೂರುತ್ತಾರೆ, ಏನು ಮಾಡುತ್ತಾರೆ ಎಂದು ಕೇಳುತ್ತೇನೆ. ಕೆಲವರಿಗೆ ಅದು ಅಧಿಕಪ್ರಸಂಗ ಎನಿಸುತ್ತದೆ.

ಈಗ ಅವ್ವ ದಿನವೂ ತಾನಾಗಿಯೇ ಟೆರೇಸಿಗೆ ಹತ್ತುತ್ತಾಳೆ. ಮಾತ್ರೆಗಳನ್ನೂ ತಪ್ಪಿಸುವುದಿಲ್ಲ. ಅವಳಿಗೆ ಸ್ವಲ್ಪ ವಾಸಿ ಎಂದು ಕುಮಟೆಯ ಡಾಕ್ಟರು ಬರೆಯುತ್ತಾರೆ. ಇರಬಹುದು. ಭಾನುವಾರಗಳಲ್ಲಿ ನಾನು ಮೆಟ್ಟಿಲ ಬಾಗಿಲಿನಲ್ಲಿ ನಿಂತು ನೋಡುತ್ತೇನೆ. ರವಿಕೆಯ ತೋಳನ್ನು ಮೊಣಕೈಯ ಮೇಲಕ್ಕೆ ಮಡಚಿ, ಸೀರೆಯನ್ನು ಮೊಣಕಾಲಿನ ತನಕ ಸರಿಸಿ, ಡಾಕ್ಟರಮ್ಮ ಹೇಳಿದ ಹಾಗೆಯೇ ಕೂರುತ್ತಾಳೆ. ಎಲ್ಲಿಯೂ ನೋಡುವುದಿಲ್ಲ. ನನಗೆ ಮೊದಲು ಅರ್ಥವಾಗಿರಲಿಲ್ಲ, ಈಗ ಆಗಿದೆ. ಇದು ಅವಳಿಗೆ ಕೂಲಿ. ನಾನು ಒಪ್ಪಿಸಿದ ಕೆಲಸ, ನನಗೋಸ್ಕರ ಮಾಡಿ ಮುಗಿಸುತ್ತಾಳೆ. ಸ್ವಲ್ಪ ಹೊತ್ತಿಗೆ ನನ್ನ ಕಡೆ ತಿರುಗಿ ಕೇಳುತ್ತಾಳೆ, ಮೇಸ್ತ್ರಿಯನ್ನು ಕೇಳುವ ದನಿಯಲ್ಲಿ.

"ಆತಾ?"

ನಾನು ಮೊಬೈಲಿನಲ್ಲಿ ಗಂಟೆ ನೋಡುತ್ತೇನೆ.

"ಇನ್ನೂ ಐದು ನಿಮಿಷ ಅದೆ ಅವ್ವಾ."

"ಹೂಂ" ಎಂದು ಮತ್ತೆ ಮುಖ ತಿರುಗಿಸಿ ಕೂರುತ್ತಾಳೆ.